ಅಣ್ಣೋರನ್ನು ಸದನಕ್ಕೆ ಬಿಟ್ಟುಕೊಡಿ

ಕಳೆದ ಮಳೆಗಾಲದಲ್ಲಿ ನಮ್ಮ ಮನೆ ಮುಂದಿನ ಚರಂಡಿ ಕಟ್ಟಿಕೊಂಡು ಮೆಟ್ಟಿಲವರೆಗೂ ನೀರು ನಿಂತಿತು. ಕೇರಳದ ತ್ರಿಶೂರಿನ ಹೊರವಲಯದ ಪಂಚಾಯಿತಿ ಇದು. ನಾನಿಲ್ಲಿಗೆ ಬಂದು ಒಂಬತ್ತು ವರ್ಷವಾಯಿತು, ಆದರೂ ಊರಿನ ಬುದ್ಧಿ ಬಿಟ್ಟಿಲ್ಲ. ಒಂದು ಅರ್ಜಿ ಬರೆದುಕೊಂಡು ನೆಟ್ಟಗೆ ಎಮ್ಮೆಲ್ಲೆ ಕಚೇರಿಗೆ ಹೋದೆ. ಅಲ್ಲಿದ್ದ ಹುಡುಗ ಅದನ್ನು ಓದಿ ನನ್ನ ಕೈಗೇ ವಾಪಸ್ ಕೊಟ್ಟ. "ಚರಂಡಿಗೆ ಎಮ್ಮೆಲ್ಲೆ ಯಾಕೆ ಸಾರ್? ನಿಮ್ಮ ವಾರ್ಡ್ ಮೆಂಬರಿಗೆ ಹೇಳಿದಿರಾ?"

ಮುಖಕ್ಕೆ ಹೊಡೆದ ಹಾಗಾಯಿತು. ಹೊರಗಿನವನು ಅಂತ ಸಾಗಹಾಕಿದ ಅಂದುಕೊಂಡು ಸಿಟ್ಟಿನಲ್ಲೇ ಮನೆಗೆ ಬಂದೆ. ವಾರ್ಡ್ ಮೆಂಬರು ಯಾರು ಅನ್ನೋದೇ ನನಗೆ ಗೊತ್ತಿರಲಿಲ್ಲ, ಪಕ್ಕದ ಮನೆ ಟೀಚರಮ್ಮ ನಂಬರು ಕೊಟ್ಟರು. ಸಂಜೆಯೊಳಗೆ ಕೊಡೆ ಹಿಡಿದುಕೊಂಡು ಒಬ್ಬ ಹೆಂಗಸು ಬಂದರು, ಎರಡು ಬೀದಿ ಆಚೆಯವರು. ಸೀರೆ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಕೋಲು ಬಿಟ್ಟು ಚರಂಡಿಯ ಆಳ ನೋಡಿದರು, ಎಲ್ಲಿ ಕಟ್ಟಿದೆ ಅಂತ ಹುಡುಕಿದರು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಮೂರನೇ ದಿನ ಕೆಲಸದವರು ಬಂದರು. ನಾನು ಯಾರ ಗೇಟಿನ ಮುಂದೆಯೂ ಕಾಯಲಿಲ್ಲ.

ಕಾಯುವುದು ನಮ್ಮೂರಿನಲ್ಲಿ. ನಮ್ಮದು ಹಳೇ ಕೋಲಾರ ಜಿಲ್ಲೆಯ ಹಳ್ಳಿ. ನನ್ನ ತಮ್ಮ ಅಪ್ಪನ ಕಾಲದಿಂದ ಉಳುತ್ತಿದ್ದ ಎರಡು ಎಕರೆ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡಿ ಅಂತ ಫಾರಂ 57 ಹಾಕಿದ್ದ. ಅಂಥ ಅರ್ಜಿ ತೀರ್ಮಾನಿಸುವ ಬಗರ್ ಹುಕುಂ ಸಮಿತಿಗೆ ಶಾಸಕರೇ ಅಧ್ಯಕ್ಷರಲ್ಲವೇ? ರಜಕ್ಕೆ ಹೋದಾಗ ನನ್ನನ್ನೂ ಕರೆದುಕೊಂಡು ಬೆಳಗ್ಗೆ ಆರಕ್ಕೆಲ್ಲ ಅವರ ಮನೆಗೆ ಹೊರಟ. ಗೇಟಿನ ಪಕ್ಕ ಆಗಲೇ ಎಪ್ಪತ್ತು ಎಂಬತ್ತು ಜೊತೆ ಚಪ್ಪಲಿ. ಒಬ್ಬರಿಗೆ ವಿಧವಾ ವೇತನ ನಿಂತುಹೋಗಿದೆ, ಒಬ್ಬರಿಗೆ ಬೋರ್‌ವೆಲ್ ಬೇಕು, ಒಬ್ಬರ ಮಗನನ್ನು ಸ್ಟೇಷನ್ನಿನಲ್ಲಿ ಕೂರಿಸಿಕೊಂಡಿದ್ದಾರೆ. ಶಾಸಕರು, ಊರಿನವರ ಬಾಯಲ್ಲಿ ಅಣ್ಣೋರು, ಸ್ನಾನ ಮಾಡಿ ಹೆಗಲ ಮೇಲೆ ಟವಲು ಹಾಕಿಕೊಂಡೇ ಹೊರಗೆ ಬಂದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಮಂಡಿ ಮೇಲೆ ಪ್ಯಾಡ್ ಇಟ್ಟುಕೊಂಡು ಒಂದೊಂದೇ ಪತ್ರಕ್ಕೆ ಸಹಿ ಹಾಕತೊಡಗಿದರು. ಪಕ್ಕದ ಟೇಬಲ್ಲಿನ ಮೇಲೆ ಮೊಳದೆತ್ತರ ಲಗ್ನಪತ್ರಿಕೆ. ಪಿಎ ಅವನ್ನು ಹೋಬಳಿವಾರು ಜೋಡಿಸುತ್ತಿದ್ದ. ಆ ಭಾನುವಾರ ಒಂದೇ ದಿನಕ್ಕೆ ಹತ್ತೊಂಬತ್ತು ಮದುವೆ, ಎರಡು ತಿಥಿ, ಒಂದು ಬೀಗರೂಟ.

ನಮ್ಮ ಸರದಿ ಬಂದಾಗ ಹತ್ತೂಕಾಲು. "ನೋಡೋಣಪ್ಪ, ಮುಂದಿನ ಮೀಟಿಂಗಿಗೆ ತರೋಣ" ಅಂದರು. ಆ ಮನುಷ್ಯ ತಿಂಡಿ ತಿಂದಿರಲಿಲ್ಲ. ಅದು ಅವರ ಮುಖದಲ್ಲೇ ಕಾಣುತ್ತಿತ್ತು.

ಇಷ್ಟಾದ ಮೇಲೆ ಅವರು ವಿಧಾನಸೌಧಕ್ಕೆ ಹೋಗಿ ಮಸೂದೆ ಓದುವುದು ಯಾವಾಗ? ಬಜೆಟ್ ಪುಸ್ತಕ ಬಿಡಿಸಿ, ನಮ್ಮ ತಾಲ್ಲೂಕಿನ ಕೆರೆಗಳಿಗೆ ಏನು ಬಂತು ಅಂತ ಮಂತ್ರಿಯನ್ನು ಎಬ್ಬಿಸಿ ಕೇಳುವುದು ಯಾವಾಗ? ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೆಯಬೇಕು ಅಂತ 2005ರಲ್ಲಿ ನಮ್ಮ ವಿಧಾನಮಂಡಲವೇ ಕಾಯಿದೆ ಮಾಡಿತು. ಅಷ್ಟು ದಿನ ನಡೆದದ್ದು ಅಪರೂಪ. ಅದಕ್ಕಾಗಿ ಯಾವ ಶಾಸಕನನ್ನಾದರೂ ನಮ್ಮೂರಲ್ಲಿ ಯಾರಾದರೂ ತರಾಟೆಗೆ ತೆಗೆದುಕೊಂಡಿದ್ದು ನಾನು ಕಂಡಿಲ್ಲ. ಮಗಳ ಮದುವೆಗೆ ಬರಲಿಲ್ಲ ಅಂತ ಮಾತ್ರ ಇಡೀ ಬೀದಿಯೇ ಇನ್ನೊಂದು ಪಾರ್ಟಿಗೆ ಹೋದದ್ದು ಕಂಡಿದ್ದೇನೆ.

ನಮ್ಮ ಕಡೆಯ ಬಾಗೇಪಲ್ಲಿಯ ಜಿ.ವಿ. ಶ್ರೀರಾಮರೆಡ್ಡಿ ಅವರನ್ನು ನೆನೆಸಿಕೊಳ್ಳಿ. 1994ರಲ್ಲಿ ಗೆದ್ದರು, 2004ರಲ್ಲಿ ಗೆದ್ದರು. ಎರಡು ಸಲವೂ 224 ಜನರ ಸದನದಲ್ಲಿ ಸಿಪಿಎಂನಿಂದ ಅವರೊಬ್ಬರೇ. ಬಯಲುಸೀಮೆಗೆ ಶಾಶ್ವತ ನೀರಾವರಿ ಬೇಕು ಅಂತ ಒಳಗೂ ಹೊರಗೂ ಗಂಟಲು ಹರಿದುಕೊಂಡರು. ಆಮೇಲೆ 2008, 2013, 2018, ಮೂರು ಸಲವೂ ಸೋಲಿಸಿದೆವು. 2022ರಲ್ಲಿ ತೀರಿಕೊಂಡರು. ಇಲ್ಲಿಯ ಟೀಚರಮ್ಮನಿಗೆ ಕರ್ನಾಟಕದಲ್ಲೂ ಸಿಪಿಎಂ ಎಮ್ಮೆಲ್ಲೆ ಇದ್ದರು ಅಂದರೆ ಆಶ್ಚರ್ಯ. ಯಾಕೆ ಸೋತರು ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಶ್ರೀನಿವಾಸಪುರದ ರಮೇಶ್ ಕುಮಾರ್ 1994ರಿಂದ ಸ್ಪೀಕರ್ ಆಗಿ ಸದನ ನಡೆಸಿದವರು, 1999ರಲ್ಲಿ ಸೋತರು. ಆ ಕ್ಷೇತ್ರದಲ್ಲಿ 1978ರಿಂದ 2023ರವರೆಗೆ ಗೆದ್ದವರು ಇಬ್ಬರೇ, ಅವರು ಮತ್ತು ವೆಂಕಟಶಿವಾರೆಡ್ಡಿ. ಪಾರ್ಟಿಗಳು ಬದಲಾದವು, ಜನ ಮಾತ್ರ ಸ್ವಾಮಿ (ರಮೇಶ್ ಕುಮಾರ್) ಕಡೆ, ರೆಡ್ಡಿ ಕಡೆ ಅಂತಲೇ ಉಳಿದರು. ನಮಗೆ ಬೇಕಾಗಿರುವುದು ಮನುಷ್ಯ. ಮನೆಗೆ ಬರುವ, ಹೆಸರು ಹಿಡಿದು ಕರೆಯುವ ಮನುಷ್ಯ.

ಕೇರಳದಲ್ಲಿ ಈ ಹೊರೆಯನ್ನು ಕೆಳಗೆ ಹಂಚಿಬಿಟ್ಟಿದ್ದಾರೆ. 1996ರಲ್ಲಿ ಜನಕೀಯಾಸೂತ್ರಣ, ಅಂದರೆ ಜನರೇ ಕೂತು ಯೋಜನೆ ಮಾಡುವ ಪದ್ಧತಿ, ಶುರು ಮಾಡಿ ಯೋಜನೆ ದುಡ್ಡಿನ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಪಂಚಾಯಿತಿಗಳಿಗೆ ಕೊಟ್ಟರು. ಮೆಂಬರ ಕೈಯಲ್ಲಿ ದುಡ್ಡಿದೆ, ಹಾಗಾಗಿ ಚರಂಡಿ ಅವರ ಹತ್ತಿರ ಹೋಗುತ್ತದೆ. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಈ ದಾರಿ ಮೊದಲು ತೋರಿಸಿದ್ದು ನಾವು! ಆಗಿನ ಪಂಚಾಯತ್ ರಾಜ್ ಮಂತ್ರಿ ನಜೀರ್ ಸಾಬ್ ತಂದ 1983ರ ಪಂಚಾಯಿತಿ ಕಾಯಿದೆ, 1987ರ ಜಿಲ್ಲಾ ಪರಿಷತ್ ಚುನಾವಣೆ ನೋಡಲು ದೇಶವೇ ನಮ್ಮ ಕಡೆ ತಿರುಗಿತ್ತು. ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿ ನೀರ್ ಸಾಬ್ ಅನ್ನಿಸಿಕೊಂಡ ಪುಣ್ಯಾತ್ಮ ಅವರು. ಈಗ ಏನಾಗಿದೆ? ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ 2016ರಲ್ಲಿ ಚುನಾವಣೆ ಆಯಿತು, 2021ರಲ್ಲಿ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ನಡುವಿನ ಮೆಟ್ಟಿಲು ಕಿತ್ತುಹಾಕಿದರೆ ಜನ ಎಲ್ಲಿಗೆ ಹೋಗಬೇಕು? ಎಲ್ಲರೂ ಆ ಗೇಟಿನ ಮುಂದೆಯೇ ಚಪ್ಪಲಿ ಬಿಡಬೇಕು. ಯಾವ ಪಾರ್ಟಿ ಬಂದರೂ ಇದನ್ನು ಸರಿಮಾಡಲಿಲ್ಲ. ಕೆಳಗೆ ಇನ್ನೊಬ್ಬ ನಾಯಕ ಬೆಳೆಯುವುದು ಶಾಸಕರಿಗೂ ಬೇಡವಾಗಿದೆ ಅಂತ ನನ್ನ ಗಟ್ಟಿ ಅನಿಸಿಕೆ.

ಕೇರಳದಲ್ಲಿ ಎಲ್ಲ ಚೆನ್ನಾಗಿದೆ ಅಂತಲೂ ಅಲ್ಲ. ಪಾರ್ಟಿಯವರಾದರೆ ಮೆಂಬರು ಕೊಂಚ ಬೇಗ ಬರುತ್ತಾರೆ ಅನ್ನುವ ಮಾತಿದೆ. ಒಂಬತ್ತು ವರ್ಷದಲ್ಲಿ ಇಲ್ಲಿಯ ಎಮ್ಮೆಲ್ಲೆಯನ್ನು ಹತ್ತಿರದಿಂದ ಕಂಡದ್ದು ಒಂದೇ ಸಲ, ಒಂದು ಮದುವೆಯಲ್ಲಿ. ಒಬ್ಬರೇ ಬಂದರು, ಪಂಕ್ತಿಯಲ್ಲಿ ಕೂತು ಊಟ ಮಾಡಿ ಹೋದರು. ಯಾರೂ ಎದ್ದು ನಿಲ್ಲಲಿಲ್ಲ, ಹಾರ ಶಾಲು ಇರಲಿಲ್ಲ. ನನಗೆ ಬಹಳ ಹಿಡಿಸಿತು. ಆದರೆ ನನ್ನ ಹೆಸರು ಅವರಿಗೆ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ.

ಅಪ್ಪ ತೀರಿಕೊಂಡದ್ದು ಒಂದು ಡಿಸೆಂಬರಿನಲ್ಲಿ. ನಾನು ರೈಲು ಹಿಡಿದು ಊರು ಸೇರುವ ಹೊತ್ತಿಗೆ ಅಣ್ಣೋರು ಜಗುಲಿ ಮೇಲೆ ಕೂತಿದ್ದರು. ಬೆಳಗಾವಿಯಲ್ಲಿ ಅಧಿವೇಶನ ನಡೆಯುತ್ತಿತ್ತು, ರಾತ್ರಿಯೆಲ್ಲಾ ಕಾರಿನಲ್ಲಿ ಬಂದಿದ್ದರಂತೆ. ಅಮ್ಮನ ಹತ್ತಿರ ಹೋಗಿ "ಏನಾದರೂ ಕುಡಿದೆಯೇನಮ್ಮಾ" ಅಂತ ಕೇಳಿದರು. ಅದುವರೆಗೆ ಒಂದು ಹನಿ ನೀರೂ ಮುಟ್ಟದೆ ಕೂತಿದ್ದ ಅಮ್ಮ, ಅವರು ಕೇಳಿದ್ದಕ್ಕೆ ಅರ್ಧ ಲೋಟ ಕಾಫಿ ಕುಡಿದಳು. ನನ್ನ ತಮ್ಮನ ಫೈಲು ಆಗಲೂ ಹಾಗೇ ಇತ್ತು. ಆ ದಿನ ನಾವು ಅದನ್ನು ಕೇಳಲಿಲ್ಲ.