ಗೇಣುದ್ದದ ಆಲ್ಕೊ

ನಿಲ್ದಾಣದಲ್ಲಿ ನಿಂತ ರೈಲಿನ ಎಂಜಿನ್ನಿನ ಎದುರು, ಪ್ಲಾಟ್‌ಫಾರ್ಮಿನ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು, ಅದರ ಹೊಟ್ಟೆಯ ಕೆಳಗಿನ ಕೊಳವೆಗಳನ್ನು ಬೆರಳು ಮಡಚಿ ಎಣಿಸುವವನನ್ನು ಕಂಡರೆ ನೋಡುವವರು ಎರಡೇ ತೀರ್ಮಾನಕ್ಕೆ ಬರುತ್ತಾರೆ: ಒಂದೋ ಇವನು ರೈಲ್ವೆಯವನು, ಇಲ್ಲವೇ ಮನೆಯವರು ಹುಡುಕುತ್ತಿರುವವನು. ಕಿಟಕಿಯಿಂದ ತಲೆ ಹೊರಹಾಕಿದ ಲೋಕೊ ಪೈಲಟ್ ಮಾತ್ರ ಸಜ್ಜನರಾಗಿದ್ದರು. "ಏನಾದರೂ ಬಿದ್ದುಹೋಯಿತೇ?" ಎಂದು ಕೇಳಿದರು. ಕೊಳವೆಗಳೂ ಮೆಟ್ಟಿಲ ಪಕ್ಕದ ಕೈಕಂಬಿಗಳೂ ಎಷ್ಟಿವೆ ಎಂದು ಎಣಿಸುತ್ತಿದ್ದೇನೆಂದು ನಾನು ನಿಜವನ್ನೇ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಆ ಕಂಬಿ ಹಿಡಿದುಕೊಂಡೇ ಇಷ್ಟು ವರ್ಷ ಹತ್ತಿದ್ದೇನೆ, ಒಂದು ದಿನವೂ ಎಣಿಸಲಿಲ್ಲವಲ್ಲ" ಎಂದು ತಮ್ಮದೇ ತಪ್ಪೆಂಬಂತೆ ಹೇಳಿ ಒಳಗೆ ಹೋದರು.

ನಾನು ಮಾಡಹೊರಟಿದ್ದು ಬೆಂಗಳೂರಿನ ಕೃಷ್ಣರಾಜಪುರಂ ಶೆಡ್ಡಿನ ಒಂದು ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ನಿನ ಪುಟ್ಟ ಮಾದರಿಯನ್ನು. ಅಮೆರಿಕದ ಆಲ್ಕೊ ಕಂಪನಿಯಿಂದ 1962ರಲ್ಲಿ ಬಂದು, 1964ರಿಂದ ವಾರಾಣಸಿಯಲ್ಲೇ ತಯಾರಾಗತೊಡಗಿದ, ಹದಿನಾರು ಸಿಲಿಂಡರುಗಳ, 2600 ಅಶ್ವಶಕ್ತಿಯ ಆ ಎಂಜಿನ್ನಿನ ಗುಡುಗುಡು ಕೇಳಿಯೇ ನಮ್ಮ ತಲೆಮಾರು ಬೆಳೆದದ್ದು. ಅಸಲಿನ ಉದ್ದ ಸುಮಾರು 17 ಮೀಟರ್. ಎಚ್‌ಒ ಅಳತೆಯಲ್ಲಿ, ಅಂದರೆ 87ರಲ್ಲಿ ಒಂದು ಪಾಲಿಗೆ ಇಳಿಸಿದರೆ, 20 ಸೆಂಟಿಮೀಟರಿಗೆ ತುಸು ಕಡಿಮೆ. ಸಿದ್ಧ ಮಾದರಿ ನನ್ನ ಜೇಬಿಗೆ ಎಟುಕದ ಕಾರಣ, ಆಲ್ಕೊ ಮನೆತನದ್ದೇ ಆದ ಒಂದು ಅಮೆರಿಕನ್ ಎಂಜಿನ್ನಿನ ಹಳೆಯ ಮಾದರಿಯನ್ನು ಕೊಂಡು, ಅದನ್ನು ಕತ್ತರಿಸಿ ಭಾರತೀಯನನ್ನಾಗಿ ಮಾಡುವುದೆಂದು ನಿಶ್ಚಯಿಸಿದೆ. ಮೂರು ಅಚ್ಚುಗಳನ್ನು ಅಸಮ ಅಂತರದಲ್ಲಿ ಜೋಡಿಸಿದ ಅದರ ಬೋಗಿಗಳು, ಅಂದರೆ ಚಕ್ರಗಳನ್ನು ಹೊತ್ತ ಚೌಕಟ್ಟುಗಳು, ನಮ್ಮ ಎಂಜಿನ್ನಿನದಕ್ಕೆ ಹೊಂದಿಕೊಂಡವು. ಹೊಂದಿಕೊಂಡದ್ದು ಅಷ್ಟೇ. ಅಮೆರಿಕದ ಎಂಜಿನ್ನಿಗೆ ಮುಂಭಾಗದಲ್ಲಿ ಡಿಕ್ಕಿಯ ಹೊಡೆತ ತಾಳುವ ಎರಡು ಬಫರುಗಳಿಲ್ಲ. ಹಳಿಯಂತೂ ನಮ್ಮದಲ್ಲವೇ ಅಲ್ಲ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್ ಆದ್ದರಿಂದ ಮಾದರಿಯ ಹಳಿ 19 ಮಿಲಿಮೀಟರಿಗೂ ಮಿಗಿಲಾಗಿ ಅಗಲವಿರಬೇಕು. ಅಂಗಡಿಯಲ್ಲಿ ಸಿಗುವುದು ಹದಿನಾರೂವರೆ. ಹೀಗಾಗಿ ನನ್ನ ಆಲ್ಕೊ ಇಂದಿಗೂ ಕಿಕ್ಕಿರಿದ ಸಿಟಿ ಬಸ್ಸಿನಲ್ಲಿ ನಿಂತ ಸ್ಥೂಲಕಾಯರಂತೆ ಕಾಲು ಜೋಡಿಸಿಕೊಂಡೇ ನಿಂತಿದೆ.

ಕತ್ತರಿಸಿ, ಉಜ್ಜಿ, ಬಫರು ಅಂಟಿಸಿದ ಮೇಲೆ ಹೆಮ್ಮೆಯಿಂದ ಒಬ್ಬ ಹಿರಿಯ ಹವ್ಯಾಸಿಗೆ ತೋರಿಸಿದೆ. ಅವರು ಕನ್ನಡಕವನ್ನು ಹಣೆಗೇರಿಸಿ, ಎಂಜಿನ್ನನ್ನು ಮೂಗಿನ ಹತ್ತಿರ ತಂದುಕೊಂಡು, "ಚೆನ್ನಾಗಿದೆ. ಆದರೆ ಇದು ಯಾವ ದಿನದ ಎಂಜಿನ್?" ಎಂದರು. ಯಾವ ಊರಿನದು, ಯಾವ ನಂಬರಿನದು ಎಂದು ಕೇಳಿದ್ದರೆ ಉತ್ತರ ಸಿದ್ಧವಿತ್ತು. ದಿನ ಎಂದರೇನು? ಅವರು ವಿವರಿಸಿದಂತೆಲ್ಲ ನನ್ನ ಹೆಮ್ಮೆ ಕರಗತೊಡಗಿತು. ಡೀಸೆಲ್ ಎಂಜಿನ್ ಎಂಬುದು ದೊಡ್ಡ ರಿಪೇರಿಗೆ ಹೋಗಿಬಂದಾಗಲೆಲ್ಲ ವೇಷ ಬದಲಿಸುವ ಪ್ರಾಣಿ: ಒಮ್ಮೆ ದೀಪ ಬದಲಾಗುತ್ತದೆ, ಇನ್ನೊಮ್ಮೆ ಬಣ್ಣ, ನಿರ್ವಾತ ಬ್ರೇಕಿನ ಜೊತೆಗೆ ಗಾಳಿಯ ಬ್ರೇಕೂ ಬಂದು ಮೂತಿಯ ಕೆಳಗಿನ ಕೊಳವೆಗಳು ಹೆಚ್ಚುತ್ತವೆ, ಶಕ್ತಿ 3100 ಅಶ್ವಶಕ್ತಿಗೆ ಏರಿ ಡಬ್ಲ್ಯುಡಿಎಂ-3ಎ ಎಂಬ ಹೊಸ ಹೆಸರೇ ಬಂದುಬಿಡುತ್ತದೆ. ನಾನಾದರೋ ನಿರ್ವಾತ ಬ್ರೇಕಿನ ಕೊಳವೆಯನ್ನಷ್ಟೇ ಇಟ್ಟು, ಪಕ್ಕದಲ್ಲಿ ನೈರುತ್ಯ ರೈಲ್ವೆಯೆಂದು ಬರೆಯುವ ಸಿದ್ಧತೆಯಲ್ಲಿದ್ದೆ. ನೈರುತ್ಯ ರೈಲ್ವೆ ಹುಟ್ಟಿದ್ದು 2003ರಲ್ಲಿ, ಬರೀ ನಿರ್ವಾತ ಬ್ರೇಕಿನ ಕಾಲ ಕಳೆದ ಮೇಲೆ. ಅದಕ್ಕೆ ಮೊದಲು ಬೆಂಗಳೂರು ದಕ್ಷಿಣ ರೈಲ್ವೆಗೆ ಸೇರಿತ್ತು. ನನ್ನ ಎಂಜಿನ್ ಮದುವೆಯ ಫೋಟೊದಲ್ಲಿ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡ ವರನಂತಾಗಿತ್ತು.

ತಿದ್ದಲು ಕುಳಿತೆ. ಗಾಳಿಯ ಬ್ರೇಕಿನ ಕೊಳವೆಗಳನ್ನು ತೆಳುವಾದ ವೈರಿನಿಂದ ಮಾಡಿ ಚಿಮುಟದಲ್ಲಿ ಹಿಡಿದರೆ, ಅವು ಚಂಗನೆ ಹಾರಿ, ನೆಲದ ಮೇಲೆ ಎಲ್ಲೂ ಸಿಗದೆ, ಮೂರು ದಿನಗಳ ಬಳಿಕ ಅವುಗಳಲ್ಲೊಂದು ಅಡುಗೆಮನೆಯ ಸಾಸಿವೆ ಡಬ್ಬಿಯಲ್ಲಿ ಪತ್ತೆಯಾಯಿತು. ಉಳಿದವನ್ನು ಸೂಪರ್ ಗ್ಲೂ ಹಚ್ಚಿ ಕೂರಿಸುವಾಗ ಎಡಗೈಯ ಹೆಬ್ಬೆರಳೂ ತೋರುಬೆರಳೂ ಎಂಜಿನ್ನಿನ ಕ್ಯಾಬಿಗೆ ಭದ್ರವಾಗಿ ಅಂಟಿಕೊಂಡವು. ಅಂಟು ಬಿಡಿಸುವ ಮದ್ದು ಮನೆಯಲ್ಲೇ ಇತ್ತು. ಮಗಳ ಉಗುರುಬಣ್ಣ ತೆಗೆಯುವ ದ್ರವದಲ್ಲಿ ಅಸಿಟೋನ್ ಇರುತ್ತದೆ. ಆದರೆ ಅಸಿಟೋನ್ ಅಂಟಿನೊಂದಿಗೆ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ. ಬೆರಳೋ ಎಂಜಿನ್ನೋ ಎಂಬ ಧರ್ಮಸಂಕಟದಲ್ಲಿ ನಾನು ಎಂಜಿನ್ನಿನ ಪಕ್ಷ ವಹಿಸಿದ್ದನ್ನು ಕಂಡ ಹೆಂಡತಿ ಮಾತಾಡದೆ ಬೆಚ್ಚಗಿನ ಸಾಬೂನುನೀರಿನ ಬೋಗುಣಿಯನ್ನು ಮುಂದಿಟ್ಟಳು. ಮುಕ್ಕಾಲು ಗಂಟೆ ಎಂಜಿನ್ ಸಮೇತ ಕೈ ನೆನೆಸಿ ಕುಳಿತಿದ್ದಾಗಲೇ ಪಕ್ಕದ ಮನೆಯವರು ಪೇಪರ್ ಕೇಳಲು ಬಂದದ್ದು, "ಸ್ನಾನ ಮಾಡಿಸುತ್ತಿದ್ದೀರಾ?" ಎಂದು ವಿಚಾರಿಸಿದ್ದು ಎಲ್ಲವೂ ಆಯಿತು. ಬೆರಳು ಬಿಟ್ಟಿತು. ಆದರೆ ಆ ಅಂಟಿನ ಆವಿ ತಗುಲಿ ಕ್ಯಾಬಿನ ಗಾಜುಗಳೆಲ್ಲ ಮಂಜು ಮುಸುಕಿದಂತೆ ಬೆಳ್ಳಗಾಗಿ, ಬೇಸಗೆಯ ಬೆಂಗಳೂರಿನ ಎಂಜಿನ್ ಮಡಿಕೇರಿಯ ಮುಂಜಾನೆಯನ್ನು ಕಂಡಂತಾಯಿತು. ಮಡಿಕೇರಿಗೆ ರೈಲೇ ಇಲ್ಲವೆಂಬುದನ್ನು ಹಿರಿಯರು ಫೋನಿನಲ್ಲಿ ನೆನಪಿಸಿದರು.

ಅಕ್ಷರಗಳದು ಬೇರೆಯೇ ಕಥೆ. ನನ್ನ ಫೋಟೊದಲ್ಲಿರುವ ಎಂಜಿನ್ನಿನ ಮೇಲೆ ಶೆಡ್ಡಿನ ಹೆಸರು ಕನ್ನಡದಲ್ಲೂ ಇದೆ. ಒಂದು ಗೇಣಿಗಿಂತ ಕಡಿಮೆ ಎತ್ತರದ ಆ ಅಕ್ಷರಗಳನ್ನು 87ರಿಂದ ಭಾಗಿಸಿದರೆ ಉಳಿಯುವುದು ಎರಡು ಮಿಲಿಮೀಟರಿಗೂ ಕಡಿಮೆ. ಇಂಗ್ಲಿಷ್ ಅಕ್ಷರಗಳು ಕಡ್ಡಿಯಂಥವು, ಹೇಗೋ ಬದುಕಿಕೊಳ್ಳುತ್ತವೆ. ನಮ್ಮ 'ಕೃಷ್ಣರಾಜಪುರಂ' ಆ ಅಳತೆಯಲ್ಲಿ ವಟ್ರಸುಳಿಯನ್ನೂ ಣ ಒತ್ತನ್ನೂ ಎಲ್ಲಿಟ್ಟುಕೊಳ್ಳಬೇಕು? ಸಾಲದ್ದಕ್ಕೆ ಮನೆಯ ಪ್ರಿಂಟರಿಗೆ ಬಿಳಿ ಬಣ್ಣ ಮುದ್ರಿಸಲು ಬರುವುದಿಲ್ಲ. ಹೊರಗೆ ಮುದ್ರಿಸಿ ತರಿಸಿದ ಡೆಕಾಲನ್ನು, ಅಂದರೆ ಅಂಟಿಸುವ ಅಕ್ಷರಗಳ ತೆಳುಪೊರೆಯನ್ನು, ನೀರಿನಲ್ಲಿ ನೆನೆಸಿ ಎಂಜಿನ್ನಿನ ಮೇಲೆ ಜಾರಿಸುವಾಗ ಒತ್ತಕ್ಷರ ಕಳಚಿ ನನ್ನ ಮುಂಗೈಗೆ ಹತ್ತಿತು. ಎರಡು ದಿನ ಕಚೇರಿಗೆ ಕೈಯ ಮೇಲೆ ಣ ಒತ್ತನ್ನು ಧರಿಸಿಯೇ ಹೋಗಿಬಂದೆ. ಎಂಜಿನ್ ಈಗ 'ಕೃಷರಾಜಪುರಂ'ಗೆ ಸೇರಿದೆ. ಭೂತಗನ್ನಡಿ ಇಲ್ಲದವರಿಗೆ ತಿಳಿಯುವುದಿಲ್ಲ.

ಕೊನೆಯ ಹಂತ ಕೊಳೆ ಮಾಡುವುದು. ಆಲ್ಕೊ ಎಂದರೆ ಹೊಗೆ. ವೇಗ ಹೆಚ್ಚಿಸಿದಾಗ ಟರ್ಬೊ ಗಾಳಿ ಒದಗಿಸುವ ಮೊದಲೇ ಡೀಸೆಲ್ ಒಳನುಗ್ಗಿ ಕಪ್ಪು ಮೋಡವನ್ನು ಕಾರುವುದೇ ಅದರ ಲಕ್ಷಣ. ಇದ್ದಿಲ ಪುಡಿ, ಚಾಕ್ ಪುಡಿ, ಅಮ್ಮನ ಕಾಡಿಗೆ ಬಳಸಿ, ಮೂರು ಭಾನುವಾರ ಶ್ರಮಿಸಿ, ಛಾವಣಿಗೆ ಮಸಿಯನ್ನೂ ಬೋಗಿಗಳಿಗೆ ಕೆಂಧೂಳನ್ನೂ ಹಚ್ಚಿದೆ. ಅದನ್ನು ಹಾಗೆಯೇ ಮೇಜಿನ ಮೇಲಿಟ್ಟು ಸಂತೆಗೆ ಹೋಗಿ ಬೂದುಗುಂಬಳಕಾಯಿ ತಂದದ್ದು ನನ್ನ ತಪ್ಪು. ಅಂದು ಆಯುಧಪೂಜೆ. ಬರುವಷ್ಟರಲ್ಲಿ ಅಮ್ಮ ಸ್ಕೂಟರು, ಮಿಕ್ಸಿ, ಈಳಿಗೆಮಣೆಗಳ ಜೊತೆಗೆ ಎಂಜಿನ್ನನ್ನೂ ತೊಳೆದು, ಒರೆಸಿ, ಮೂತಿಗೆ ವಿಭೂತಿಯ ಮೂರು ಪಟ್ಟೆ ಎಳೆದು ಕುಂಕುಮ ಇಟ್ಟಾಗಿತ್ತು. "ವರ್ಷಕ್ಕೊಂದು ದಿನವಾದರೂ ಗಾಡಿ ಹೀಗೆ ಕೊಳಕಾಗಿರಬಾರದಪ್ಪ" ಎಂದರು.

ದುಃಖದಿಂದ ಫೋಟೊ ತೆಗೆದು ಹಿರಿಯರಿಗೆ ಕಳುಹಿಸಿದೆ. ತಕ್ಷಣ ಫೋನು ಬಂತು. ಶೆಡ್ಡುಗಳಲ್ಲಿಯೂ ಆಯುಧಪೂಜೆಯಂದು ಎಂಜಿನ್ನನ್ನು ಹೀಗೆಯೇ ತೊಳೆದು ಕುಂಕುಮವಿಡುತ್ತಾರೆಂದೂ, ಇಷ್ಟು ತಿಂಗಳಲ್ಲಿ ಮೊದಲ ಬಾರಿಗೆ ನನ್ನ ಎಂಜಿನ್ನಿಗೆ ಒಂದು ನಿರ್ದಿಷ್ಟ ದಿನ ಸಿಕ್ಕಿದೆಯೆಂದೂ ಸಂತೋಷಪಟ್ಟರು. "ಒಂದೇ ಒಂದು ದೋಷ" ಎಂದು ಅವರು ದನಿ ತಗ್ಗಿಸಿದಾಗ ನಾನು ಣ ಒತ್ತೆಂದು ಹೆದರಿದೆ. ಅವರು ನೋಡಿದ್ದು ಚಕ್ರದ ಮುಂದೆ ಅಮ್ಮ ಇಟ್ಟಿದ್ದ ನಿಂಬೆಹಣ್ಣನ್ನು. ನಾಲ್ಕು ಸೆಂಟಿಮೀಟರಿನ ಆ ಹಣ್ಣು ಎಂಜಿನ್ನಿನ ಲೆಕ್ಕದಲ್ಲಿ ಮೂರೂವರೆ ಮೀಟರ್ ಎತ್ತರದ ಬಂಡೆ. ಸರಿಯಾದ ಅಳತೆಯ ನಿಂಬೆಹಣ್ಣು ಅರ್ಧ ಮಿಲಿಮೀಟರ್ ಇರಬೇಕು. "ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸದಿದ್ದರೆ ಪೂಜೆ ಮುಗಿಯುವುದಿಲ್ಲ" ಎಂದು ಅಮ್ಮ ಒಳಗಿನಿಂದ ಕೂಗಿದರು. ನಾನು ಸ್ವಿಚ್ ಒತ್ತಿದೆ. ಆಲ್ಕೊ ಹೊಸ ಬಫರುಗಳನ್ನು ಹಣ್ಣಿಗೆ ಆನಿಸಿ, ಹನ್ನೆರಡು ಚಕ್ರಗಳನ್ನೂ ನಿಂತಲ್ಲೇ ತಿರುಗಿಸಿ, ಎಡಗಡೆಯ ಬಫರನ್ನು ಕಳಚಿಕೊಂಡು ಹಳಿಯಿಂದ ಮೆಲ್ಲನೆ ಇಳಿಯಿತು.