ಸೊಂಟ ಕಾಣ್ತಿಲ್ಲ ಆಂಟಿ

ಎಡಗೈ ಮಣಿಕಟ್ಟು ಇನ್ನೂ ಚುರುಚುರು ಅನ್ನುತ್ತಿದೆ. ಬೆಳಿಗ್ಗೆಯಿಂದ ತೆಂಗಿನೆಣ್ಣೆ ಹಚ್ಚಿದ್ದಾಯಿತು, ಊದಿದ್ದಾಯಿತು, ಬೈದದ್ದೂ ಆಯಿತು.

ಹೋದ ವಾರ ಶಿರಸಿಯ ತವರಿನಿಂದ ಹೊರಡುವಾಗ ತಮ್ಮ ಒಂದು ಕೊಂಬೆ ಕೊಟ್ಟ. ಗಾಳಿಗೆ ಮುರಿದ ಹಲಸಿನ ಒಣ ಕೊಂಬೆ, ಅದರ ಮೇಲೆ ಸೀತಾಳೆ ದಂಡೆ. ಮಳೆಗಾಲದ ಹೊತ್ತಿಗೆ ಜಡೆಯ ಹಾಗೆ ಹೂ ಇಳಿಬಿಡುವ ಗಿಡ ನಮ್ಮ ಬೆಂಗಳೂರಿನ ಬಾಲ್ಕನಿಯಲ್ಲೂ ಇರಲಿ ಅಂತ ಡಿಕ್ಕಿಗೆ ಹಾಕಿಕೊಂಡು ಬಂದೆವು. ಕೊಂಬೆಯೊಳಗೆ ಪುಟ್ಟ ಹುಳುಗಳ ಒಂದು ಇಡೀ ಊರೇ ಟಿಕೆಟ್ ಇಲ್ಲದೆ ಬಂದಿದೆ ಅಂತ ಯಾರಿಗೆ ಗೊತ್ತಿತ್ತು?

ಇವರು ನೋಡಿದ ತಕ್ಷಣ ತೀರ್ಪು ಕೊಟ್ಟರು. "ಗೆದ್ದಲು. ವಾರ್ಡ್‌ರೋಬ್ ಕಥೆ ಮುಗೀತು." ಇವರಿಗೆ ಮರದ ಮೇಲೆ ಏನು ಹರಿದಾಡಿದರೂ ಗೆದ್ದಲೇ. ವಾರ್ಡ್‌ರೋಬಿನ ಕಂತು ಇನ್ನೂ ತೀರಿಲ್ಲ, ಪಾಪ.

ಕೆಳಗಿನ ಮನೆಯ ಹುಡುಗ ಕೀಟಶಾಸ್ತ್ರ ಓದುತ್ತಿದ್ದಾನೆ. ಅವನಿಗೆ ಫೋಟೋ ಕಳಿಸಿದೆ. ನನ್ನ ನೆಮ್ಮದಿ ಹೋದದ್ದು ಅಲ್ಲಿಂದಲೇ. "ಆಂಟಿ, ಸೊಂಟ ಕಾಣ್ತಿಲ್ಲ" ಅಂದ.

ಗೆದ್ದಲಿಗೆ ಸೊಂಟವೇ ಇಲ್ಲವಂತೆ. ಅದು ಇರುವೆಯ ಕುಲವೂ ಅಲ್ಲ, ಜಿರಳೆಯ ನೆಂಟ. ಇರುವೆಗಾದರೆ ಸಣ್ಣ ಸೊಂಟ, ಅದರಲ್ಲಿ ಒಂದು ಗಂಟೋ ಎರಡು ಗಂಟೋ ಅಂತ ತಿಳಿದರೆ ಅರ್ಧ ಜಾತಕ ಸಿಕ್ಕಿದ ಹಾಗೆ. ಗೊದ್ದಕ್ಕೆ ಒಂದೇ ಗಂಟು. "ನಿಮ್ಮದಕ್ಕೆ ಎಷ್ಟು ಆಂಟಿ?"

ಅಕ್ಕಿಕಾಳಿಗಿಂತ ಚಿಕ್ಕ ಪ್ರಾಣಿ, ಒಂದು ಗಳಿಗೆ ನಿಲ್ಲುವುದಿಲ್ಲ. ನಾಲ್ಕು ದಿನ ನಾನು ಮೊಬೈಲ್ ಹಿಡಿದು ಬಾಲ್ಕನಿಯಲ್ಲಿ ಮಂಡಿಯೂರಿದೆ. ಅವನ ವಾಯ್ಸ್ ಮೆಸೇಜ್ ಮಾತ್ರ ನಿಲ್ಲಲಿಲ್ಲ. "ಸೊಂಟ ಬ್ಲರ್ ಆಗಿದೆ ಆಂಟಿ." "ಸೈಡಿಂದ ತೆಗೀರಿ, ಸೊಂಟ ನೀಟಾಗಿ ಬರ್ಬೇಕು." ಇದು ಸ್ಪೀಕರಿನಲ್ಲಿ ಜೋರಾಗಿ ಕೇಳುವಾಗ ಸಿಲಿಂಡರ್ ತಂದವನು ಬಾಗಿಲಲ್ಲಿ ನಿಂತಿದ್ದ. ಚಿಲ್ಲರೆ ವಿಷಯಕ್ಕೆ ಯಾವಾಗಲೂ ಜಗಳ ಮಾಡುವವನು ಅವತ್ತು ತಲೆ ತಗ್ಗಿಸಿ ಹೊರಟೇಹೋದ.

ಸ್ವಲ್ಪ ತಣ್ಣಗಿಟ್ಟರೆ ಇರುವೆ ಮಂಕಾಗುತ್ತೆ, ಆಗ ಫೋಟೋ ಸುಲಭ ಅಂದ. ನಾಲ್ಕನ್ನು ಹಿಡಿದು ಡಬ್ಬಿಗೆ ಹಾಕಿ, ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಕ್ಕ ಇಟ್ಟೆ. ನನಗಿಂತ ಮೊದಲು ಡಬ್ಬಿ ತೆಗೆದದ್ದು ಅತ್ತೆ. "ಸಕ್ಕರೆ ಡಬ್ಬಿಗೆ ಇರುವೆ ಬರೋದು ನೋಡಿದ್ದೆ. ಇರುವೆಗೇ ಡಬ್ಬಿ ಮಾಡಿಟ್ಟವಳನ್ನ ಇವತ್ತು ನೋಡಿದೆ" ಅಂದರು.

ಇವತ್ತು ಬೆಳಿಗ್ಗೆ ತಾಳ್ಮೆ ಕೆಟ್ಟು ಕೊಂಬೆಗೆ ಸೌಟಿನಿಂದ ಒಂದು ಕುಟ್ಟಿದೆ. ಇಡೀ ಪಡೆ ಹೊರಗೆ ಬಂತು. ಬಂದು ಒಂದೊಂದೂ ಹಿಂಭಾಗವನ್ನು ಬೆನ್ನಿನ ಮೇಲಿಂದ ತಲೆಯವರೆಗೆ ಎತ್ತಿ ನಿಂತಿತು! ಸೊಂಟಕ್ಕೆ ಕಾದವಳಿಗೆ ತೋರಿಸಿದ್ದು ಇದನ್ನು. ಅದೂ ಹಾರ್ಟ್ ಆಕಾರದ್ದು. ವಿಡಿಯೋ ಮಾಡುವಾಗಲೇ ಮಣಿಕಟ್ಟಿಗೆ ಕಚ್ಚಿದವು.

ವಿಡಿಯೋ ನೋಡಿದ ಹುಡುಗ ಫೋನಿನಲ್ಲೇ ಕುಣಿದ. "ಕ್ರೆಮಾಟೊಗ್ಯಾಸ್ಟರ್, ಆಂಟಿ!" ಸೊಂಟಕ್ಕೆ ಎರಡು ಗಂಟು. ಎರಡನೆಯದು ಹೊಟ್ಟೆಯ ಮೇಲ್ಭಾಗಕ್ಕೆ ಸೇರಿರುವುದರಿಂದಲೇ ಈ ಸರ್ಕಸ್ಸು ಸಾಧ್ಯ. ಮರ ತಿನ್ನುವುದಿಲ್ಲ, ಟೊಳ್ಳು ಸಿಕ್ಕರೆ ಸಂಸಾರ ಹೂಡುತ್ತವೆ. ಇವರು ಎದ್ದುಹೋಗಿ ವಾರ್ಡ್‌ರೋಬಿನ ಬಾಗಿಲು ಸವರಿ ಬಂದರು.

ಪಶ್ಚಿಮ ಘಟ್ಟದ ಮರಗಳ ಮೇಲೆ ಕಪ್ಪು ಚೆಂಡಿನಂಥ ಗೂಡು ಕಟ್ಟುವವೂ ಇದೇ ಗುಂಪಿನವಂತೆ. ಕಂದು ಮರಕುಟಿಗ ಆ ಗೂಡನ್ನೇ ಕೊರೆದು ಮೊಟ್ಟೆ ಇಡುತ್ತದೆ. ನಮ್ಮ ತೋಟದ ಅಂಚಿನಲ್ಲಿ ಅಂಥದೊಂದಿತ್ತು. ಕಲ್ಲು ಹೊಡೆದು ಅಜ್ಜಿಯಿಂದ ಬೈಸಿಕೊಂಡಿದ್ದೆ. ಆಗ ಅದರ ಹೆಸರು ಯಾರಿಗೆ ಬೇಕಿತ್ತು? ಇಲ್ಲಿ ಮೂರನೇ ಮಹಡಿಯಲ್ಲಿ ಅವು ಗ್ರಿಲ್ಲಿನ ತುದಿಯವರೆಗೆ ಹೋಗುತ್ತವೆ, ಮೀಸೆ ಆಡಿಸುತ್ತವೆ, ಮತ್ತೆ ಕೊಂಬೆಗೇ ವಾಪಸ್ ಬರುತ್ತವೆ.

ಸದ್ಯ, ಹೆಸರು ಸಿಕ್ಕಿತಲ್ಲ ಅಂದುಕೊಂಡೆ. "ಅದು ಮನೆತನದ ಹೆಸರು ಅಷ್ಟೇ ಆಂಟಿ. ಪ್ರಪಂಚದಲ್ಲಿ 400ಕ್ಕೂ ಜಾಸ್ತಿ ಜಾತಿ ಇವೆ" ಅಂದ. ಇದನ್ನು ಬರೆಯುತ್ತಿರುವಾಗಲೇ ಇನ್ನೊಂದು ಮೆಸೇಜ್ ಬಂತು.

"ಆಂಟಿ, ಬೆನ್ನಿನ ಹಿಂದೆ ಎರಡು ಮುಳ್ಳು ಇರುತ್ತೆ. ಎಷ್ಟುದ್ದ ಇದೆ ಸ್ವಲ್ಪ ನೋಡ್ತೀರಾ?"