ಸ್ಪಷ್ಟನೆ: ಸಾಯುವವರ ‘ಬದುಕಿನ ಸಿನಿಮಾ’ ರೆಕಾರ್ಡ್ ಆಗಿಲ್ಲ

‘ಸಾಯುವಾಗ ಇಡೀ ಬದುಕು ಕಣ್ಮುಂದೆ ಹಾಯುವುದನ್ನು ವಿಜ್ಞಾನಿಗಳು ರೆಕಾರ್ಡ್ ಮಾಡಿದ್ದಾರೆ’ ಎಂಬ ಸಂದೇಶ ಹರಿದಾಡುತ್ತಿದೆ. ಇದರ ಮೂಲ 2022ರ ಒಂದು ಪ್ರಬಂಧ. ಅದರಲ್ಲಿದ್ದದ್ದು 87 ವರ್ಷದ ಒಬ್ಬರೇ ರೋಗಿ. ಬಿದ್ದು ತಲೆಯೊಳಗೆ ರಕ್ತ ಕಟ್ಟಿ, ಫಿಟ್ಸ್ ಬರುತ್ತಿದ್ದುದರಿಂದ ಇಇಜಿ (ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಯಂತ್ರ) ಹಾಕಿದ್ದರು. ಅಷ್ಟರಲ್ಲಿ ಹೃದಯ ನಿಂತಿತು.

ಆಮೇಲೆ ಗಾಮಾ ಅಲೆ (ಮಿದುಳಿನ ವೇಗದ ವಿದ್ಯುತ್ ಅಲೆ) ‘ಉಕ್ಕಿತು’ ಅನ್ನುವುದು ಅರ್ಧಸತ್ಯ. ಹೃದಯ ನಿಂತ ಬಳಿಕ ಗಾಮಾದ ಬಲವೂ ಕುಗ್ಗಿತ್ತು. ಉಳಿದ ಅಲೆಗಳು ಇನ್ನೂ ಹೆಚ್ಚು ಕುಗ್ಗಿದ್ದರಿಂದ ಅದರ ಪಾಲು ಮಾತ್ರ ಏರಿತು. ನೆನಪು ಕೆದಕುವಾಗ ಗಾಮಾ ಕಾಣುತ್ತದೆ, ಸರಿ. ಆದರೆ ಗಮನ ಕೊಡುವಾಗಲೂ ಕಾಣುತ್ತದೆ. ನೆತ್ತಿಯ ಸ್ನಾಯು ಬಿಗಿದರೂ ಇಇಜಿಯಲ್ಲಿ ಅದೇ ಆವರ್ತನದ ಸಂಕೇತ ಸೇರಿಕೊಳ್ಳುತ್ತದೆ. ಗಾಯಗೊಂಡ ಮಿದುಳು, ಫಿಟ್ಸ್, ಅದಕ್ಕೆ ಕೊಟ್ಟ ಔಷಧಿ: ಎಲ್ಲವೂ ಗ್ರಾಫ್ ಬದಲಿಸಬಲ್ಲವು. ಏನು ಕಂಡೆನೆಂದು ಹೇಳಲು ರೋಗಿ ಬದುಕುಳಿಯಲಿಲ್ಲವಲ್ಲ!